ಚೆಂಡೋಲ್

ತೆಂಗಿನ ಹಾಲು, ತಾಳೆ ಜಾತಿಯ ಮರದ ಬೆಲ್ಲದ ಪಾಕ, ಅಕ್ಕಿಹಿಟ್ಟನ್ನು ಗಂಜಿ ಕಾಯಿಸಿ ತಣ್ಣೀರಿಗೆ ಒತ್ತಿದ ಹಸಿರು ಎಳೆಗಳು: ಈ ಮೂರು ಕೂಡಿದ ಆಗ್ನೇಯ ಏಷ್ಯದ ಸಿಹಿ ಚೆಂಡೋಲ್. ಇಂಡೊನೇಷ್ಯ, ಮಲೇಷ್ಯ, ಸಿಂಗಪುರ, ಬ್ರೂನೈಗಳಲ್ಲಿ ಇದು ಈ ಹೆಸರಿನಿಂದಲೇ ಪರಿಚಿತ. ಜಾವಾ ದ್ವೀಪದ ಮಧ್ಯ ಮತ್ತು ಪೂರ್ವ ಭಾಗದವರು ದಾವೆತ್ ಎನ್ನುತ್ತಾರೆ. ಥಾಯ್ಲೆಂಡಿನಲ್ಲಿ ಲೋಟ್ ಚೋಂಗ್, ದಕ್ಷಿಣ ವಿಯೆಟ್ನಾಮಿನಲ್ಲಿ ಬಾನ್ ಲೋಟ್, ಮ್ಯಾನ್ಮಾರಿನಲ್ಲಿ ಮೋಂಟ್ ಲೆಟ್ ಸೌಂಗ್. ಕುಡಿಯುವ ಪದಾರ್ಥವೋ ತಿನ್ನುವ ಪದಾರ್ಥವೋ ಎಂದು ಕೇಳಿದರೆ ಎರಡೂ ಹೌದು. ಜಾವಾದಲ್ಲಿ ಲೋಟಕ್ಕೆ ಹಾಕಿ ಕೊಡುತ್ತಾರೆ, ಪೆನಾಂಗಿನಲ್ಲಿ ಬಟ್ಟಲು ಮತ್ತು ಚಮಚ ಕೊಡುತ್ತಾರೆ.

ಕರಾವಳಿ, ಮಲೆನಾಡಿನ ಅಡುಗೆ ಬಲ್ಲವರಿಗೆ ಇದರ ಕಟ್ಟು ಹೊಸದೇನೂ ಅಲ್ಲ. ಅಕ್ಕಿಯ ಒತ್ತುಶ್ಯಾವಿಗೆಗೆ ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು ಸುರಿದು ತಿನ್ನುವ ರೂಢಿ ಅಲ್ಲಿದೆ. ಕೊಂಕಣಿ ಮನೆಗಳ ಶೇವಯಿ ರೋಸೂ ಅದೇ. ಅಕ್ಕಿ, ತೆಂಗು, ಬೆಲ್ಲ ಎರಡೂ ಕಡೆ ಒಂದೇ. ಆದರೆ ನಮ್ಮಲ್ಲಿ ಹಿಟ್ಟಿನ ಉಂಡೆ ಬೆಂದು ಗಟ್ಟಿಯಾದ ಮೇಲೆ ಒರಳಿಗೆ ಹೋಗುತ್ತದೆ, ಎಳೆ ಒಣಗಿ ಬಿಡಿಬಿಡಿಯಾಗಿರುತ್ತದೆ. ಚೆಂಡೋಲಿನದು ನೀರು ಹೆಚ್ಚಿದ ಹಿಟ್ಟು, ಒತ್ತುವುದು ಬಿಸಿಯಾಗಿರುವಾಗ, ಎಳೆ ಗಟ್ಟಿಯಾಗುವುದು ತಣ್ಣೀರಿನೊಳಗೆ. ಹೀಗಾಗಿ ಅದು ಹಲ್ಲಿಗೆ ಸಿಕ್ಕೂ ಸಿಗದ ಹಾಗೆ ಜಾರುತ್ತದೆ. ಫಲೂದಾದ ಸೇವಿಗೆ ಮಾಡುವ ಕ್ರಮವೂ ಇದೇ ಆದ್ದರಿಂದ ಚೆಂಡೋಲಿಗೆ ಹತ್ತಿರದ ನಂಟು ಹುಡುಕುವವರು ಅಲ್ಲಿಯೂ ನೋಡಬಹುದು.

ಹಳೆಯ ದಾಖಲೆ

ಹಳ್ಳಿಯ ತಿನಿಸುಗಳಿಗೆ ಹುಟ್ಟಿದ ದಿನ ಇರುವುದಿಲ್ಲ. ಬರಹಕ್ಕೆ ಸಿಕ್ಕಿದ ದಿನ ಮಾತ್ರ ಇರುತ್ತದೆ. ಜಾವಾದ ಸುರಕರ್ತಾ ಅರಮನೆಯ ಆಶ್ರಯದಲ್ಲಿ 1814ರಿಂದ 1823ರ ನಡುವೆ ಸಿದ್ಧವಾದ ಸೆರಾತ್ ಚೆಂತಿನಿ ಎಂಬ ಬೃಹತ್ ಜಾವಾನೀ ಕೃತಿಯಲ್ಲಿ ದಾವೆತ್ತಿನ ಪ್ರಸ್ತಾಪವಿದೆ. 1866ರ ಡಚ್ ಅಡುಗೆ ಪುಸ್ತಕವೊಂದು ಇದರ ಪಾಕವಿಧಾನವನ್ನು ‘ಚೆಂಡೋಲ್ ಅಥವಾ ದಾವೆತ್’ ಎಂಬ ತಲೆಬರಹದಡಿ ಕೊಟ್ಟಿದೆ. ಅಂದರೆ ಆ ಹೊತ್ತಿಗೆ ಎರಡು ಹೆಸರೂ ಒಂದೇ ತಿನಿಸಿಗೆ ನಡೆಯುತ್ತಿದ್ದವು, ಮತ್ತು ಅದು ವಸಾಹತಿನ ಬಿಳಿಯರ ಅಡುಗೆಮನೆಯನ್ನೂ ಹೊಕ್ಕಿತ್ತು. ಇಂಡೊನೇಷ್ಯ ಮೂಲದ ಕುಟುಂಬಗಳೊಂದಿಗೆ ನೆದರ್ಲೆಂಡ್ಸಿಗೂ ಹೋದ ಚೆಂಡೋಲ್ ಅಲ್ಲಿನ ಏಷ್ಯನ್ ದಿನಸಿ ಅಂಗಡಿಗಳಲ್ಲಿ ಇಂದಿಗೂ ಹಳೆಯ ಡಚ್ ಕಾಗುಣಿತದಲ್ಲಿ ಕಾಣಸಿಗುತ್ತದೆ. 1972ರಲ್ಲಿ ಇಂಡೊನೇಷ್ಯ ಮತ್ತು ಮಲೇಷ್ಯ ತಮ್ಮ ಕಾಗುಣಿತವನ್ನು ಒಂದಕ್ಕೊಂದು ಹೊಂದಿಸಿಕೊಂಡವು. ಆ ದೇಶಗಳ ಹಳೆಯ ಅಂಗಡಿಗಳ ಫಲಕಗಳು ಮಾತ್ರ ಬದಲಾಗಲಿಲ್ಲವಾದ್ದರಿಂದ ಒಂದೇ ಬೀದಿಯಲ್ಲಿ ಎರಡು ಮೂರು ಬಗೆಯ ಬರವಣಿಗೆ ಕಂಡು ಹೊಸಬರು ಗೊಂದಲಪಡುತ್ತಾರೆ.

ಇಂದು ಮಂಜುಗಡ್ಡೆ ಇಲ್ಲದ ಚೆಂಡೋಲನ್ನು ಊಹಿಸುವುದೇ ಕಷ್ಟ. ಆದರೆ ಮಂಜುಗಡ್ಡೆ ಇದಕ್ಕೆ ತಡವಾಗಿ ಸೇರಿದ್ದು. ಅಮೆರಿಕದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಕೆರೆಗಳ ಮಂಜುಗಡ್ಡೆಯನ್ನು ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ಬಿಸಿಲ ನಾಡುಗಳಿಗೆ ಸಾಗಿಸಿದ; 1833ರಲ್ಲಿ ಅದು ಕಲ್ಕತ್ತೆಗೆ ಬಂತು. ಚೆನ್ನೈ ಕಡಲತೀರದಲ್ಲಿ ಈಗ ವಿವೇಕಾನಂದರ ಹೆಸರು ಹೊತ್ತಿರುವ ಕಟ್ಟಡ ಮೊದಲು ಇದೇ ಮಂಜುಗಡ್ಡೆಯ ಉಗ್ರಾಣವಾಗಿತ್ತು. ಸಿಂಗಪುರದಲ್ಲಿ ವಾಂಪೋವಾ ಎಂದು ಹೆಸರಾದ ವ್ಯಾಪಾರಿ 1854ರಲ್ಲಿ ಮಂಜುಗಡ್ಡೆ ತರಿಸುವ ವ್ಯವಹಾರಕ್ಕೆ ಕೈಹಾಕಿದ, ಅದು ಬಹುಕಾಲ ನಡೆಯಲಿಲ್ಲ. ಯಂತ್ರದ ಮಂಜುಗಡ್ಡೆ ಅಗ್ಗವಾಗುವ ತನಕ ಬೀದಿಯ ತಿನಿಸಿಗೆ ಅದನ್ನು ಹಾಕುವ ಮಾತೇ ಇರಲಿಲ್ಲ. ಅಲ್ಲಿಯವರೆಗೆ ಕಾಯಿಹಾಲನ್ನು ತಂಪಾಗಿಡುತ್ತಿದ್ದುದು ಮಣ್ಣಿನ ಮಡಕೆ. ಜಾವಾದ ಹಳೆಯ ಕ್ರಮದ ದಾವೆತ್ ಗಾಡಿಗಳಲ್ಲಿ ಆ ಮಡಕೆಗಳು ಈಗಲೂ ಇವೆ.

2018ರ ಕೊನೆಯಲ್ಲಿ ಅಮೆರಿಕದ ಸುದ್ದಿವಾಹಿನಿ ಸಿಎನ್‌ಎನ್ ಜಗತ್ತಿನ ಒಳ್ಳೆಯ ಸಿಹಿತಿನಿಸುಗಳ ಪಟ್ಟಿಯಲ್ಲಿ ಚೆಂಡೋಲನ್ನು ಸಿಂಗಪುರದ್ದೆಂದು ಬರೆದು ಮಲೇಷ್ಯದವರ ಸಿಟ್ಟಿಗೆ ಗುರಿಯಾಯಿತು. ಮಲೇಷ್ಯ ಅದನ್ನು ಮೊದಲೇ ತನ್ನ ಪರಂಪರೆಯ ಆಹಾರಗಳ ಪಟ್ಟಿಗೆ ಸೇರಿಸಿಕೊಂಡಿತ್ತು. ಹಳೆಯ ಬರಹಗಳೆಲ್ಲ ಜಾವಾದತ್ತ ಕೈತೋರಿಸುವಾಗ ಉಳಿದಿಬ್ಬರು ಕಾದಾಡುವುದರಲ್ಲಿ ಹುರುಳಿಲ್ಲ. ಈ ಗಡಿಗಳಿಗಿಂತ ತೆಂಗಿನ ತೋಟಗಳು ಬಹಳ ಹಳೆಯವು.

ಜಾವಾದ ದಾವೆತ್

ಮಧ್ಯ ಜಾವಾದ ಬಂಜಾರ್ನೆಗರದ ‘ದಾವೆತ್ ಆಯು’ ಹೆಸರಾದದ್ದು. ಇದನ್ನು ಮಾರುವವರ ಅಡ್ಡೆಗೆ, ಈಗ ತಳ್ಳುಗಾಡಿಗೆ, ಸೆಮಾರ್ ಮತ್ತು ಗಾರೆಂಗ್ ಎಂಬ ಎರಡು ಮರದ ಬೊಂಬೆಗಳನ್ನು ಕಟ್ಟಿರುತ್ತಾರೆ. ಇವರು ಜಾವಾದ ತೊಗಲುಗೊಂಬೆಯಾಟದಲ್ಲಿ ಪಾಂಡವರ ಜೊತೆಗಿರುವ ಸೇವಕರು, ಹಾಸ್ಯಗಾರರು. ವ್ಯಾಸಭಾರತದಲ್ಲಿ ಇವರ ಸುಳಿವಿಲ್ಲ. ಯಕ್ಷಗಾನದ ಹಾಸ್ಯಗಾರನಂತೆ ಇವರೂ ಆಯಾ ನೆಲದ ಮಕ್ಕಳು. ಪುರ್ವೊರೆಜೊ ಜಿಲ್ಲೆಯ ಬುತುಹ್ ಕಡೆಯ ದಾವೆತ್ತಿನ ಎಳೆ ಕಪ್ಪು. ಬತ್ತದ ಹುಲ್ಲನ್ನು ಸುಟ್ಟು, ಬೂದಿಯನ್ನು ನೀರಿಗೆ ಕದಡಿ ಸೋಸಿ, ಆ ನೀರಿನಲ್ಲೇ ಹಿಟ್ಟು ಕಲಸುತ್ತಾರೆ. ಹಸಿರು ಇಲ್ಲದಿದ್ದರೆ ಅದು ಚೆಂಡೋಲೇ ಅಲ್ಲ ಎನ್ನುವವರಿಗೆ ಈ ಕಪ್ಪು ದಾವೆತ್ ಸಾಕಾದ ಉತ್ತರ. ಉತ್ತರ ಕರಾವಳಿಯ ಜೆಪಾರಾದಲ್ಲಿ ಅಕ್ಕಿಹಿಟ್ಟಿನ ಬದಲು ಸಾಗೋ ಜಾತಿಯ ಮರದ ತಿರುಳಿನ ಹಿಟ್ಟು ಬಳಕೆಯಲ್ಲಿದೆ. ಸುಗ್ಗಿಯಲ್ಲಿ ಹಲಸಿನ ತೊಳೆಯನ್ನು ಹೆಚ್ಚಿ ಪಾಕಕ್ಕೆ ಹಾಕುವುದು ಜಾವಾದ ಹಲವೆಡೆ ಉಂಟು.

ಜಾವಾನೀ ಮದುವೆಯಲ್ಲಿ ದಾವೆತ್ತಿಗೆ ಒಂದು ಶಾಸ್ತ್ರವೇ ಇದೆ. ಮದುವೆಯ ಹಿಂದಿನ ದಿನ, ವಧುವಿಗೆ ನೀರೆರೆದ ಮೇಲೆ, ಅವಳ ತಾಯಿ ನೆಂಟರಿಗೆ ದಾವೆತ್ ‘ಮಾರುತ್ತಾಳೆ’. ತಂದೆ ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲುತ್ತಾನೆ. ಕೊಳ್ಳುವವರು ದುಡ್ಡು ಕೊಡುವಂತಿಲ್ಲ, ಮಡಕೆಯ ಚೂರುಗಳನ್ನು ಕೊಡಬೇಕು. ಹೊಸ ಸಂಸಾರದಲ್ಲಿ ಗಂಡಹೆಂಡಿರು ಕೂಡಿ ದುಡಿಯಬೇಕು, ಬಂದವರು ದಾವೆತ್ತಿನ ಎಳೆಗಳ ಹಾಗೆ ತುಂಬಿ ತುಳುಕಲಿ ಎಂಬ ಹಾರೈಕೆ ಇದರ ಹಿಂದೆ ಇದೆ. 2017ರ ನವೆಂಬರಿನಲ್ಲಿ ಇಂಡೊನೇಷ್ಯದ ಆಗಿನ ಅಧ್ಯಕ್ಷ ಜೋಕೊ ವಿಡೋಡೊ ಅವರ ಮಗಳ ಮದುವೆ ಸೋಲೋ ನಗರದಲ್ಲಿ ನಡೆದಾಗ ಅಧ್ಯಕ್ಷ ದಂಪತಿಯೇ ಈ ಶಾಸ್ತ್ರ ನಡೆಸಿದರು.

ಮಲಕ್ಕಾ ಜಲಸಂಧಿಯ ಆಚೆ

ಜಲಸಂಧಿ ದಾಟಿದ ಚೆಂಡೋಲಿಗೆ ಕಾಳು ಸೇರಿತು. ಮಲೇಷ್ಯದಲ್ಲಿ ಬೇಯಿಸಿದ ರಾಜ್ಮಾ, ಸಿಂಗಪುರದಲ್ಲಿ ಸಕ್ಕರೆ ಹಾಕಿ ಮುದ್ದೆ ಮಾಡಿದ ಸಣ್ಣ ಕೆಂಪು ಕಾಳು. ಸಿಹಿಗೆ ಕಾಳು ಹಾಕುವ ಚೀನೀಯರ ರೂಢಿಯ ಗುರುತು ಇದು. ಪೆನಾಂಗಿನ ಜಾರ್ಜ್‌ಟೌನಿನಲ್ಲಿ ಕೆಂಗ್ ಕ್ವೀ ಓಣಿಯ ಬಾಯಲ್ಲೇ ಇರುವ ತೆಯೋಚ್ಯೂ ಚೀನೀಯರ ಚೆಂಡೋಲ್ ಅಂಗಡಿ 1936ರಲ್ಲಿ ಶುರುವಾದದ್ದು. ಜನ ಓಣಿಯಲ್ಲಿ ನಿಂತೇ ತಿನ್ನುತ್ತಾರೆ. ಇದರಷ್ಟೇ ಮುಖ್ಯವಾದ ಇನ್ನೊಂದು ಪರಂಪರೆ ತಮಿಳುನಾಡಿನ ಕಡೆಯಿಂದ ಹೋದ ಮುಸ್ಲಿಮರದು. ಮಾಮಕ್ ಎಂದು ಕರೆಯುವ ಈ ಸಮುದಾಯದವರು ಪೆರಾಕ್, ಕೆಡಾ, ಪೆನಾಂಗ್ ಪ್ರಾಂತಗಳಲ್ಲಿ ಗಾಡಿಗಳಲ್ಲಿ ಚೆಂಡೋಲ್ ಮಾರುತ್ತಾ ಬಂದಿದ್ದಾರೆ. ಬೇಯಿಸಿದ ಅಂಟಕ್ಕಿಯನ್ನು ಒಂದು ಚಮಚ ಸೇರಿಸಿ ಕೊಡುವ ‘ಚೆಂಡೋಲ್ ಪುಲುತ್’ ಈ ಗಾಡಿಗಳಲ್ಲಿ ಸಾಮಾನ್ಯ. ಹೀಗೆ ಜಾವಾದ ಎಳೆ, ಚೀನೀಯರ ಕಾಳು, ಭಾರತದವರ ಗಾಡಿ ಒಂದೇ ಬಟ್ಟಲಿನಲ್ಲಿ ಕೂಡಿದವು.

ಮಲಕ್ಕಾದ ಹೆಮ್ಮೆ ಬೆಲ್ಲ. ಅಲ್ಲಿ ಪಾಕವನ್ನು ಧಾರಾಳವಾಗಿ, ಕಪ್ಪಾಗಿ, ಮಂಜುಗಡ್ಡೆಯ ಮೇಲಿಂದಲೇ ಸುರಿಯುತ್ತಾರೆ. ಡುರಿಯನ್ ಹಣ್ಣಿನ ಕಾಲದಲ್ಲಿ ಅದರ ತೊಳೆಯ ಮುದ್ದೆಯನ್ನೂ ಮೇಲೆ ಇಡುತ್ತಾರೆ. ಅದರ ವಾಸನೆ ಹಿಡಿಸದವರು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಥಾಯ್ಲೆಂಡ್, ವಿಯೆಟ್ನಾಂ, ಮ್ಯಾನ್ಮಾರ್

ಬ್ಯಾಂಕಾಕಿನಲ್ಲಿ ‘ಲೋಟ್ ಚೋಂಗ್ ಸಿಂಗಪುರ’ ಎಂಬುದೊಂದಿದೆ. ಸಿಂಗಪುರದಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಬ್ಯಾಂಕಾಕಿನ ಚೀನೀ ಪೇಟೆಯಲ್ಲಿ ಸಿಂಗಪುರ ಎಂಬ ಹೆಸರಿನ ಸಿನಿಮಾ ಮಂದಿರವಿತ್ತು. ಅದರ ಎದುರಿನ ಅಂಗಡಿಯ ಲೋಟ್ ಚೋಂಗಿಗೆ ಜನ ಇಟ್ಟ ಹೆಸರು ಇದು. ಮಂದಿರ ಹೋಯಿತು, ಹೆಸರು ಉಳಿಯಿತು. ಇದರ ಎಳೆ ಮರಗೆಣಸಿನ ಪಿಷ್ಟದಿಂದ ಮಾಡಿದ್ದು, ಅಗಿದರೆ ರಬ್ಬರಿನ ಹಾಗೆ ಎಳೆಯುತ್ತದೆ. ಅಕ್ಕಿಹಿಟ್ಟಿನ ಸಾದಾ ಥಾಯ್ ಲೋಟ್ ಚೋಂಗ್ ಬೇರೆ. ಅದರ ಕಾಯಿಹಾಲಿಗೆ ಪರಿಮಳದ ಮೇಣದಬತ್ತಿಯ ಹೊಗೆ ಕೊಡುವ ನಾಜೂಕು ಅಲ್ಲಿನವರದು.

ದಕ್ಷಿಣ ವಿಯೆಟ್ನಾಮಿನಲ್ಲಿ ಬಾನ್ ಲೋಟ್ ಒಂದೇ ಬರುವುದು ಕಡಿಮೆ. ಕಾಳು, ಕಾಯಿಹಾಲು ಪದರ ಪದರವಾಗಿ ತುಂಬಿದ ‘ಚೇ’ ಲೋಟಗಳಲ್ಲಿ ಅದೂ ಒಂದು ಬಣ್ಣ. ಮ್ಯಾನ್ಮಾರಿನಲ್ಲಿ ಏಪ್ರಿಲ್ ನಡುವಿನ ಹೊಸ ವರ್ಷವಾದ ತಿಂಜಾನ್ ನೀರಾಟದ ಹಬ್ಬ. ನಮ್ಮ ಕರಾವಳಿಯ ಬಿಸು ಬರುವುದೂ ಅದೇ ದಿನಗಳಲ್ಲಿ. ಆ ಸೆಕೆಯಲ್ಲಿ ಚಪ್ಪರ ಹಾಕಿ ದಾರಿಹೋಕರಿಗೆ ಮೋಂಟ್ ಲೆಟ್ ಸೌಂಗ್ ಪುಕ್ಕಟೆ ಹಂಚುತ್ತಾರೆ. ರಾಮನವಮಿಯ ಪಾನಕ, ಮಜ್ಜಿಗೆಯ ಚಪ್ಪರ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಬೆಲ್ಲ

ಚೆಂಡೋಲಿನ ಬಣ್ಣ ಎಳೆಯದು, ರುಚಿ ಬೆಲ್ಲದ್ದು. ಎಳೆಗೆ ತನ್ನದೆನ್ನುವ ರುಚಿ ಹೆಚ್ಚೇನೂ ಇಲ್ಲ, ಕಾಯಿಹಾಲು ಹದವಾಗಿದ್ದರೆ ಸಾಕು. ಬೆಲ್ಲ ಕೆಟ್ಟದಾದರೆ ಉಳಿದದ್ದೆಲ್ಲ ವ್ಯರ್ಥ. ಮಲಕ್ಕಾದ ಗುಲಾ ಮಲಾಕಾ ತೆಂಗಿನ ಹೊಂಬಾಳೆಯ ರಸದ ಬೆಲ್ಲ. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು, ತುದಿ ಕೊಯ್ದು, ಒಸರುವ ನೀರಾವನ್ನು ಬೆಳಗ್ಗೆ ಸಂಜೆ ಇಳಿಸುತ್ತಾರೆ. ಬಿಸಿಲೇರಿದರೆ ಅದು ಹುಳಿದು ಕಳ್ಳಾಗುತ್ತದೆ. ಅದನ್ನು ತಡೆಯಲು ಪಾತ್ರೆಗೆ ಸುಣ್ಣ ಬಳಿಯುವ ಉಪಾಯ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಅಗಲ ಬಾಣಲೆಯಲ್ಲಿ ಗಂಟೆಗಟ್ಟಲೆ ಕುದಿಸಿ, ಬಿದಿರಿನ ಅಂಡೆಗಳಿಗೆ ಹೊಯ್ದರೆ ಉರುಳೆಯಾಕಾರದ ಬೆಲ್ಲ ಸಿಗುತ್ತದೆ. ಒಂದು ಕಿಲೊ ಬೆಲ್ಲಕ್ಕೆ ಏಳೆಂಟು ಲೀಟರ್ ನೀರಾ ಬೇಕು. ಜಾವಾದಲ್ಲಿ ಅಚ್ಚು ಬಿದಿರಿನದಲ್ಲ, ತೆಂಗಿನ ಚಿಪ್ಪು. ಆದ್ದರಿಂದ ಅಲ್ಲಿನ ಬೆಲ್ಲ ಅರೆಗೋಳದ ಹಾಗೆ ಇರುತ್ತದೆ. ಅರೆನ್ ಎಂಬ ತಾಳೆಯ ಬೆಲ್ಲ ಇನ್ನೂ ಗಾಢ, ಹೊಗೆಯ ವಾಸನೆ ಹೆಚ್ಚು. ಪಶ್ಚಿಮ ಜಾವಾದವರು ಚೆಂಡೋಲಿಗೆ ಅದನ್ನೇ ಮೆಚ್ಚುತ್ತಾರೆ.

ಪೇಟೆಯ ತಾಳೆಬೆಲ್ಲದಲ್ಲಿ ಕಬ್ಬಿನ ಸಕ್ಕರೆ ಬೆರೆಸುವುದು ಆ ದೇಶಗಳಲ್ಲೂ ಇರುವ ಪಿಡುಗು. ಅಪ್ಪಟ ಬೆಲ್ಲ ಮೆದು, ಉಗುರಿಗೆ ಸಿಗುತ್ತದೆ, ನಾಲಗೆಗೆ ಸಣ್ಣ ಹೊಗೆ, ಸಣ್ಣ ಉಪ್ಪು, ಕೊನೆಗೆ ಕ್ಯಾರಮೆಲ್ಲಿನ ಕಹಿಯ ನೆನಪು. ಬೆರಕೆಯದು ಕಲ್ಲಿನ ಹಾಗೆ ಗಟ್ಟಿ, ಬರೀ ಸಿಹಿ. ಕರ್ನಾಟಕದಲ್ಲಿ ಮಾಡುವವರಿಗೆ ದಕ್ಷಿಣ ಕನ್ನಡ, ಉಡುಪಿ ಕಡೆಯ ಓಲೆಬೆಲ್ಲ ತೀರಾ ಹತ್ತಿರದ್ದು. ತಮಿಳುನಾಡಿನ ತಾಟಿ ಬೆಲ್ಲ, ಶ್ರೀಲಂಕಾದ ಬೈನೆ ಮರದ ಬೆಲ್ಲವೂ ಆದೀತು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಹುಳಿಯದಂತೆ ತಂಪಿನಲ್ಲಿ ಇಳಿಸಿದ ‘ಕಲ್ಪರಸ’ದಿಂದ ತೆಂಗಿನ ಸಕ್ಕರೆ ಮಾಡುವ ಕ್ರಮವನ್ನು ರೂಪಿಸಿದೆ, ಆ ಸಕ್ಕರೆಯೂ ಗುಲಾ ಮಲಾಕಾದ ದಾಯಾದಿಯೇ. ಮಂಡ್ಯದ ಕಬ್ಬಿನ ಬೆಲ್ಲದಿಂದ ಮಾಡಿದರೆ ರುಚಿಯಾದ ಪಾನೀಯವೊಂದು ಸಿಗುತ್ತದೆ, ಚೆಂಡೋಲ್ ಸಿಗುವುದಿಲ್ಲ.

ಎಲೆ ಮತ್ತು ಹಿಟ್ಟು

ಹಸಿರಿನ ಪರಿಮಳ ಪಾಂಡನ್ ಎಲೆಯದು. ಇದು ನಮ್ಮ ಕೇದಿಗೆಯ ಕುಲದ ಗಿಡ. ಕೇದಿಗೆಗೆ ಪರಿಮಳ ಹೂವಿನಲ್ಲಿ, ಇದಕ್ಕೆ ಎಲೆಯಲ್ಲಿ. ಮೊಳಕೆ ಕಿತ್ತು ನೆಟ್ಟರೆ ಬದುಕುತ್ತದೆ, ಹೂ ಬಿಡುವುದು ಬಲು ಅಪರೂಪ. ಬಾಸ್ಮತಿ ಅಕ್ಕಿಯ ಘಮಕ್ಕೆ ಕಾರಣವಾದ ರಾಸಾಯನಿಕವೇ ಇದರಲ್ಲೂ ಇರುವುದರಿಂದ ನರ್ಸರಿಗಳಲ್ಲಿ ಬಾಸ್ಮತಿ ಎಲೆ, ಬಿರಿಯಾನಿ ಎಲೆ ಎಂಬ ಹೆಸರಿನಲ್ಲಿ ಸಿಗುತ್ತದೆ. ಕುಂಡದಲ್ಲಿ ಸುಲಭವಾಗಿ ಬೆಳೆಯುತ್ತದೆ. ಇಂಡೊನೇಷ್ಯದವರು ಬಣ್ಣಕ್ಕೆ ಇದನ್ನು ನೆಚ್ಚುವುದಿಲ್ಲ. ಸುಜಿ ಎಂಬ ಇನ್ನೊಂದು ಗಿಡದ ಎಲೆಯಿಂದ ಗಾಢ ಹಸಿರು ತೆಗೆದು, ಪರಿಮಳಕ್ಕೆ ಮಾತ್ರ ಪಾಂಡನ್ ಹಾಕುತ್ತಾರೆ. ಬಾಟಲಿಯಲ್ಲಿ ಬರುವ ಕಡುಹಸಿರು ಎಸೆನ್ಸ್ ಎರಡನ್ನೂ ಅಣಕಿಸುತ್ತದೆ.

ಎಳೆಯ ಹದ ಪಿಷ್ಟದ ಮೇಲೆ ನಿಂತಿದೆ. ಅಕ್ಕಿಹಿಟ್ಟೊಂದನ್ನೇ ಹಾಕಿದರೆ ಎಳೆ ಮೆದು, ಮುಟ್ಟಿದರೆ ತುಂಡಾಗುತ್ತದೆ. ಹೆಸರುಕಾಳಿನ ಪಿಷ್ಟದಲ್ಲಿ ಅಮೈಲೋಸ್ ಎಂಬ ಅಂಶ ಹೆಚ್ಚಾಗಿರುವುದರಿಂದ ಅದು ಗಟ್ಟಿಯಾಗಿ, ತಿಳಿಯಾಗಿ, ಪುಟಿಯುವ ಹಾಗೆ ಹೆಪ್ಪುಗಟ್ಟುತ್ತದೆ. ಇಂಡೊನೇಷ್ಯದಲ್ಲಿ ‘ಹುಂಕ್ವೆ’ ಎಂಬ ಹೆಸರಿನಲ್ಲಿ ಇದು ಪೊಟ್ಟಣಗಳಲ್ಲಿ ಸಿಗುತ್ತದೆ. ಮರಗೆಣಸಿನ ಪಿಷ್ಟದ್ದು ಅಂಟುವ, ಎಳೆಯುವ ಗುಣ. ನಮ್ಮಲ್ಲಿ ಹೆಸರಿನ ಪಿಷ್ಟ ಸಿಗದಿದ್ದರೆ ಕರಾವಳಿಯ ಕೂವೆ ಹಿಟ್ಟು ಅದರ ಜಾಗದಲ್ಲಿ ಚೆನ್ನಾಗಿ ನಿಲ್ಲುತ್ತದೆ. ಅಂಗಡಿಯ ಹೆಸರುಹಿಟ್ಟು ಬೇರೆ, ಹೆಸರಿನ ಪಿಷ್ಟ ಬೇರೆ. ಹೆಸರುಹಿಟ್ಟು ಹಾಕಿದರೆ ಪಾಯಸದ ವಾಸನೆ ಬರುತ್ತದೆ, ಎಳೆ ಬರುವುದಿಲ್ಲ.

ಮೂರನೆಯ ಸಾಮಗ್ರಿ ಸುಣ್ಣದ ತಿಳಿ. ವೀಳ್ಯಕ್ಕೆ ಹಚ್ಚುವ ಸುಣ್ಣವನ್ನು ಒಂದು ಲೋಟ ನೀರಿಗೆ ಕದಡಿ, ಕೆಳಗಿಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಳಸಬೇಕು. ಇದು ಎಳೆಗೆ ಬಿಗುವು ಕೊಡುತ್ತದೆ, ಬಣ್ಣವನ್ನೂ ಕಾಯುತ್ತದೆ. ಹಸಿರೆಲೆಯನ್ನು ಕಾಯಿಸಿದಾಗ ಅದರ ಹುಳಿಯಂಶ ಪತ್ರಹರಿತ್ತಿನೊಳಗಿನ ಮೆಗ್ನೀಸಿಯಮ್ಮನ್ನು ಕಿತ್ತುಹಾಕುವುದರಿಂದ ಬಣ್ಣ ಕಂದಿ ಕೆಸರುಹಸಿರಾಗುತ್ತದೆ. ಸುಣ್ಣ ಹುಳಿಯನ್ನು ತಣಿಸುತ್ತದೆ. ಜಾಸ್ತಿಯಾದರೆ ಮಾತ್ರ ನಾಲಗೆ ಒಗರಾಗಿ ಸಾಬೂನಿನ ರುಚಿ ಬರುತ್ತದೆ.

ಮನೆಯಲ್ಲಿ ಮಾಡುವ ಬಗೆ

ಇಲ್ಲಿ ಕೊಟ್ಟ ಅಳತೆ ಆರು ಜನರಿಗೆ ಸಾಕು. ಎಲ್ಲವನ್ನೂ ಒಂದೇ ಸಲ ಒಲೆಗಿಡುವ ಅವಸರ ಬೇಡ. ಹಿಂದಿನ ರಾತ್ರಿ ಎಲೆಯ ರಸ ಮತ್ತು ಪಾಕ, ಮರುದಿನ ಎಳೆ, ಬಡಿಸುವುದಕ್ಕೆ ಮೊದಲು ಕಾಯಿಹಾಲು: ಈ ಸರದಿಯೇ ಮನೆಯವರಿಗೆ ಅನುಕೂಲ.

ಹದಿನೈದು ಇಪ್ಪತ್ತು ಪಾಂಡನ್ ಎಲೆಗಳನ್ನು ತೊಳೆದು ಸಣ್ಣಗೆ ಹೆಚ್ಚಿ, ಸುಮಾರು 300 ಮಿಲಿ ಲೀಟರ್ ನೀರಿನೊಂದಿಗೆ ಮಿಕ್ಸಿಯಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಸೋಸಿ. ಈ ರಸವನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಅಲುಗಾಡಿಸದೆ ಇಟ್ಟರೆ ಕಡುಹಸಿರು ತಳಕ್ಕೆ ಇಳಿದು, ಮೇಲೆ ತೆಳು ನೀರು ನಿಲ್ಲುತ್ತದೆ. ತೆಳು ನೀರನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿ, ತಳದ ಗಸಿಯನ್ನು ಉಳಿಸಿಕೊಳ್ಳಿ. ಹಸಿ ಎಲೆಯ ಕಟುವಾಸನೆ ಆ ನೀರಿನೊಂದಿಗೆ ಹೋಗುತ್ತದೆ. ಎಲೆ ಸಿಗದ ಊರಿನಲ್ಲಿ ಎಳೆಯನ್ನು ಬಿಳಿಯಾಗಿಯೇ ಬಿಡುವುದು ಲೇಸು.

ಪಾಕಕ್ಕೆ 250 ಗ್ರಾಂ ತಾಳೆಬೆಲ್ಲ, 150 ಮಿಲಿ ಲೀಟರ್ ನೀರು, ಚಿಟಿಕೆ ಉಪ್ಪು, ಗಂಟು ಹಾಕಿದ ಒಂದು ಪಾಂಡನ್ ಎಲೆ. ಸಣ್ಣ ಉರಿಯಲ್ಲಿ ಬೆಲ್ಲ ಕರಗಿ ಐದಾರು ನಿಮಿಷ ಕುದಿದ ಮೇಲೆ ಸೋಸಬೇಕು, ಏಕೆಂದರೆ ತಾಳೆಬೆಲ್ಲದಲ್ಲಿ ಮರದ ಚೂರು, ಮರಳು ಇರುವುದು ಸಾಮಾನ್ಯ. ಎಳೆಪಾಕದವರೆಗೆ ಹೋಗಬಾರದು. ಬಿಸಿಯಲ್ಲಿ ನೀರಾಗಿ ಕಂಡದ್ದು ತಣಿದಾಗ ಜೇನಿನ ಹದಕ್ಕೆ ಬರುತ್ತದೆ. ಬಿಸಿಯಲ್ಲೇ ಜೇನಿನ ಹದಕ್ಕೆ ತಂದರೆ ಮಂಜುಗಡ್ಡೆ ತಾಗಿದ ಕೂಡಲೇ ಲೋಟದ ತಳಕ್ಕೆ ಅಂಟಿಕೊಂಡು ಕೂರುತ್ತದೆ.

ಎಳೆಗೆ 100 ಗ್ರಾಂ ನುಣುಪಾದ ಅಕ್ಕಿಹಿಟ್ಟು, 30 ಗ್ರಾಂ ಹೆಸರಿನ ಪಿಷ್ಟ ಅಥವಾ ಕೂವೆ ಹಿಟ್ಟು, ಎಲೆಯ ರಸವೂ ಸೇರಿ ಒಟ್ಟು 700 ಮಿಲಿ ಲೀಟರ್ ನೀರು, ಒಂದು ಟೀ ಚಮಚ ಸುಣ್ಣದ ತಿಳಿ, ಚಿಟಿಕೆ ಉಪ್ಪು. ಎಲ್ಲವನ್ನೂ ತಣ್ಣಗಿರುವಾಗಲೇ ಗಂಟಿಲ್ಲದಂತೆ ಕಲಸಿ, ಸೋಸಿ, ದಪ್ಪ ತಳದ ಬಾಣಲೆಗೆ ಹಾಕಿ ನಡು ಉರಿಯಲ್ಲಿ ಕೈಬಿಡದೆ ತಿರುವಬೇಕು. ಅಕ್ಕಿಯ ಪಿಷ್ಟ 70 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಉಬ್ಬತೊಡಗುತ್ತದೆ, ಆಗ ಹಿಟ್ಟು ಒಮ್ಮೆಲೇ ಗಟ್ಟಿಯಾಗುತ್ತದೆ. ಹೆಚ್ಚಿನವರು ಒಲೆ ಆರಿಸಿ ಸೋಲುವುದು ಇಲ್ಲೇ. ಗಟ್ಟಿಯಾದ ಮಾತ್ರಕ್ಕೆ ಬೆಂದಿತೆಂದಲ್ಲ. ಉರಿ ತಗ್ಗಿಸಿ ಇನ್ನೂ ಎಂಟು ಹತ್ತು ನಿಮಿಷ ತಿರುವಿದರೆ ಹಸಿಹಿಟ್ಟಿನ ಮಬ್ಬು ಹೋಗಿ ಹೊಳಪು ಬರುತ್ತದೆ, ಹಿಟ್ಟು ಸೌಟಿನಿಂದ ಭಾರವಾಗಿ, ಪಟ್ಟಿಯಾಗಿ ಜಾರುತ್ತದೆ. ಅದೇ ಹದ. ತೀರಾ ಬಿರುಸಾದರೆ ಕುದಿಯುವ ನೀರನ್ನು ಒಂದೆರಡು ಚಮಚ ಸೇರಿಸಬಹುದು; ತಣ್ಣೀರು ಸೇರಿಸಿದರೆ ಗಂಟು ಕಟ್ಟುತ್ತದೆ.

ಒತ್ತಲು ಆಗ್ನೇಯ ಏಷ್ಯದಲ್ಲಿ ತೂತಿನ ತಗಡು ಮತ್ತು ಮರದ ಒತ್ತುಮಣೆ ಇರುತ್ತವೆ. ನಮ್ಮ ಬೂಂದಿ ಜಾರ ಆ ಕೆಲಸಕ್ಕೆ ಸಾಕು. ನಾಲ್ಕೈದು ಮಿಲಿ ಮೀಟರ್ ತೂತಿನ ಖಾರಾಸೇವೆಯ ಬಿಲ್ಲೆ ಹಾಕಿದ ಒರಳೂ ಆಗುತ್ತದೆ. ಶ್ಯಾವಿಗೆಯ ಸಣ್ಣ ತೂತು ಬೇಡ. ಅಗಲ ಪಾತ್ರೆಯಲ್ಲಿ ಮಂಜುಗಡ್ಡೆ ಹಾಕಿದ ನೀರಿಟ್ಟು, ಜಾರವನ್ನು ನೀರಿಗಿಂತ ಒಂದು ಗೇಣು ಮೇಲೆ ಹಿಡಿದು, ಬಿಸಿ ಹಿಟ್ಟನ್ನು ಸೌಟಿನ ಬೆನ್ನಿನಿಂದ ಒತ್ತಬೇಕು. ಇಳಿದ ಹಿಟ್ಟು ತನ್ನ ಭಾರಕ್ಕೇ ಕಡಿದು, ಒಂದು ತುದಿ ದಪ್ಪ, ಇನ್ನೊಂದು ತುದಿ ಚೂಪಾದ ಎಳೆಯಾಗಿ ನೀರಿಗೆ ಬೀಳುತ್ತದೆ. ಜಾರವನ್ನು ನೀರಿಗೆ ತೀರಾ ಹತ್ತಿರ ಹಿಡಿದರೆ ಎಳೆ ಒಂದಕ್ಕೊಂದು ಅಂಟುತ್ತದೆ. ಹಿಟ್ಟು ತಣಿಯುತ್ತಾ ಬಂದರೆ ತೂತಿನಿಂದ ಇಳಿಯುವುದೇ ಇಲ್ಲ, ಆದ್ದರಿಂದ ಒಬ್ಬರು ಹಿಡಿದು ಇನ್ನೊಬ್ಬರು ಒತ್ತುವುದು ಸುಲಭ. ಇಪ್ಪತ್ತು ನಿಮಿಷ ನೀರಿನಲ್ಲಿ ಬಿಟ್ಟು, ಒಮ್ಮೆ ನೀರು ಬದಲಿಸಿ, ಬಸಿಯಬೇಕು.

ಕಾಯಿಹಾಲಿಗೆ ಚೆನ್ನಾಗಿ ಬಲಿತ ಒಂದು ದೊಡ್ಡ ತೆಂಗಿನಕಾಯಿ ಬೇಕು. ತುರಿದು, 200 ಮಿಲಿ ಲೀಟರ್ ಬೆಚ್ಚಗಿನ ನೀರು ಹಾಕಿ ರುಬ್ಬಿ ಹಿಂಡಿದರೆ ಗಟ್ಟಿ ಹಾಲು. ಅದೇ ಚರಟಕ್ಕೆ ಇನ್ನಷ್ಟು ನೀರು ಹಾಕಿ ಹಿಂಡಿದ ಎರಡನೆಯ ಹಾಲನ್ನು ಅದಕ್ಕೆ ಬೆರೆಸಿ ಕುಡಿಯುವ ಹದಕ್ಕೆ ತಂದುಕೊಳ್ಳಬಹುದು. ಅರ್ಧ ಟೀ ಚಮಚಕ್ಕೆ ಸ್ವಲ್ಪ ಕಡಿಮೆ ಉಪ್ಪು ಹಾಕಬೇಕು. ಸಿಹಿಗೆ ಇಷ್ಟು ಉಪ್ಪೇ ಎಂದು ನಮ್ಮವರು ಹಿಂಜರಿಯುತ್ತಾರೆ. ಆದರೆ ಬೆಲ್ಲದ ಮುಖ ಕಾಣಿಸುವುದೇ ಈ ಉಪ್ಪು. ಪಾಂಡನ್ ಎಲೆ ಹಾಕಿ ಸಣ್ಣ ಉರಿಯಲ್ಲಿ ಹಬೆಯಾಡುವವರೆಗೆ ಬಿಸಿ ಮಾಡಿ ಇಳಿಸಿ, ಕುದಿ ಬರಬಾರದು. ಕಾಯಿಹಾಲು ಎಂದರೆ ನೀರಿನಲ್ಲಿ ತೇಲುವ ಎಣ್ಣೆಯ ಸಣ್ಣ ಹನಿಗಳು, ಅವನ್ನು ಹಿಡಿದಿಟ್ಟ ತೆಳ್ಳನೆಯ ಪ್ರೋಟೀನಿನ ಪೊರೆ. 80 ಡಿಗ್ರಿ ದಾಟಿ ಕುದಿದರೆ ಪೊರೆ ಹೆಪ್ಪುಗಟ್ಟಿ ಹಾಲು ಒಡೆದು ಎಣ್ಣೆ ಮೇಲೆ ಬರುತ್ತದೆ. ಪೊಟ್ಟಣದ ಕಾಯಿಹಾಲು ಬಳಸುವವರು ಅದಕ್ಕೆ ಅರ್ಧದಷ್ಟು ನೀರು ಬೆರೆಸಿದರೆ ಹದ ಸರಿಹೋಗುತ್ತದೆ.

ಬಡಿಸುವಾಗ ಲೋಟದ ತಳಕ್ಕೆ ಎರಡು ಮೂರು ದೊಡ್ಡ ಚಮಚ ಪಾಕ, ಅದರ ಮೇಲೆ ಒಂದು ಸೌಟು ಎಳೆ, ಪುಡಿಮಾಡಿದ ಮಂಜುಗಡ್ಡೆ, ಕೊನೆಗೆ ಕಾಯಿಹಾಲು. ಹೀಗೆ ಹಾಕಿದರೆ ಕಪ್ಪು, ಹಸಿರು, ಬಿಳಿ ಬೇರೆಬೇರೆಯಾಗಿ ನಿಂತು ಕಣ್ಣಿಗೂ ಹಿತ, ಬೇಕಾದಷ್ಟು ಸಿಹಿಯನ್ನು ತಿನ್ನುವವರೇ ಕಲಕಿಕೊಳ್ಳಲೂ ಅನುಕೂಲ. ಪೆನಾಂಗಿನಂತೆ ಕಾಳು ಬೇಕೆನಿಸಿದರೆ ರಾಜ್ಮಾವನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಮೊದಲ ಹತ್ತು ನಿಮಿಷವಾದರೂ ಬಿರುಸಾಗಿ ಕುದಿಸಿ ಮೆತ್ತಗೆ ಬೇಯಿಸಬೇಕು. ಅರೆಬೆಂದ ರಾಜ್ಮಾದಲ್ಲಿ ವಾಂತಿ ಬರಿಸುವ ವಿಷವಸ್ತು ಉಳಿದಿರುತ್ತದೆ.

ಇಡುವುದು, ಕೆಡುವುದು

ಚೆಂಡೋಲ್ ಅದೇ ದಿನ ತಿಂದು ಮುಗಿಸುವ ಸಿಹಿ. ಫ್ರಿಜ್ಜಿಗೆ ಸೇರಿಸಿದ ಎಳೆ ಮರುದಿನಕ್ಕೆ ಬಿಳಿಚಿ, ಗಟ್ಟಿಯಾಗಿ, ಹಿಟ್ಟುಹಿಟ್ಟಾಗುತ್ತದೆ. ಅಕ್ಕಿಯ ಪಿಷ್ಟ ತಂಪಿನಲ್ಲಿ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುವುದೇ ಇದಕ್ಕೆ ಕಾರಣ. ತಂಗಳನ್ನ ಬಿರುಸಾಗುವುದೂ ಹೀಗೆಯೇ. ಕೆಲವು ಗಂಟೆ ಇಡಬೇಕಾದರೆ ಕುದಿಸಿ ಆರಿಸಿದ ನೀರಿನಲ್ಲಿ ಮುಳುಗಿಸಿ, ಹೊರಗೇ ಇಡಿ. ಕಾಯಿಹಾಲಿನ ಸಂಗತಿ ತದ್ವಿರುದ್ಧ. ಅದು ಸೆಕೆಗೆ ಬೇಗ ಹುಳಿಯುತ್ತದೆ, ಫ್ರಿಜ್ಜಿನಲ್ಲೇ ಇರಬೇಕು. ಅಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಕೆನೆ ಮೇಲೆ ನಿಂತರೆ ಕೆಟ್ಟಿತೆಂದು ಚೆಲ್ಲಬೇಕಿಲ್ಲ, 24 ಡಿಗ್ರಿಗಿಂತ ಕೆಳಗೆ ಆ ಎಣ್ಣೆ ಗಟ್ಟಿಯಾಗುವುದು ಸಹಜ. ಸ್ವಲ್ಪ ಹೊತ್ತು ಹೊರಗಿಟ್ಟು ಕಲಕಿದರೆ ಸರಿಯಾಗುತ್ತದೆ. ಪಾಕ ಮಾತ್ರ ಗಾಜಿನ ಸೀಸೆಯಲ್ಲಿ ಕೆಲವು ವಾರ ಉಳಿಯುತ್ತದೆ.

ಇದು ಹಗುರ ತಿನಿಸಲ್ಲ. ನೀರು ಬೆರೆಸದ ಗಟ್ಟಿ ಕಾಯಿಹಾಲಿನ 100 ಗ್ರಾಂನಲ್ಲಿ ಸುಮಾರು 24 ಗ್ರಾಂ ಕೊಬ್ಬು, 230 ಕ್ಯಾಲೊರಿ ಇರುತ್ತದೆ, ಮೇಲೆ ಬೆಲ್ಲ ಬೇರೆ. ತಾಳೆಬೆಲ್ಲ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಪ್ರಚಾರವನ್ನು ನಂಬಬೇಡಿ, ಅದರಲ್ಲಿ ಹೆಚ್ಚಿನದೂ ಸುಕ್ರೋಸೇ. ಊಟದ ಮೇಲೆ ದೊಡ್ಡ ಬಟ್ಟಲಿನ ಬದಲು, ಮಧ್ಯಾಹ್ನ ಇಳಿಹೊತ್ತಿನಲ್ಲಿ ಸಣ್ಣ ಲೋಟದಷ್ಟು ಕುಡಿಯುವ ಜಾವಾದವರ ಕ್ರಮವೇ ವಾಸಿ. ಮೊದಲ ಸಲ ಮಾಡುವವರು ಹಸಿರು ಎಸೆನ್ಸಿಗೆ, ವಿಶೇಷ ಒತ್ತುಮಣೆಗೆ ದುಡ್ಡು ಹಾಕಬೇಡಿ. ಆ ದುಡ್ಡಿನಲ್ಲಿ ಮಂಗಳೂರಿನ ಕಡೆಯಿಂದ ಒಳ್ಳೆಯ ಓಲೆಬೆಲ್ಲ ತರಿಸಿಕೊಳ್ಳಿ.